ಅರ್ಧ ಗಂಟೆ ಆಪರೇಷನ್ನಿಗೆ ಅರ್ಧ ದಿನ ಕಾಲಿಲ್ಲ!

ಕಂಪ್ಲಿಯಿಂದಲೋ ಸಂಡೂರಿಂದಲೋ ಹೊಸಪೇಟೆಗೆ ಬಂದು ಪೈಲ್ಸ್ ಆಪರೇಷನ್ ಮಾಡಿಸಿಕೊಂಡವರನ್ನು ಕೇಳಿ ನೋಡಿ. ಆಪರೇಷನ್ ಅರ್ಧ ಗಂಟೆ, ಸೊಂಟದ ಕೆಳಗೆ ಮರಗಟ್ಟಿ ಮಲಗಿದ್ದು ನಾಲ್ಕು ತಾಸು. ಮೇಲಿಂದ ಮೂತ್ರ ಕಟ್ಟಿ ಪೈಪ್ ಹಾಕಿಸಿಕೊಂಡವರೂ ಇದ್ದಾರೆ. ನಮ್ಮ ಸೋದರಮಾವನದೂ ಇದೇ ಕಥೆ. ಬೆನ್ನಿಗೆ ಯಾವ ಔಷಧ ಕೊಟ್ರಿ ಅಂತ ಕೇಳಿದ್ದಕ್ಕೆ ಬಂದ ಉತ್ತರ: "ಎಲ್ಲಾರಿಗೂ ಕೊಡೋದ ಕೊಟ್ಟೀವ್ರಿ".

ನನ್ನ ತಕರಾರು ಇರೋದೇ ಈ 'ಎಲ್ಲಾರಿಗೂ ಕೊಡೋದು' ಅನ್ನೋದರ ಮೇಲೆ.

ಆ ಔಷಧ ಬುಪಿವಕೇನ್. 0.5 ಪರ್ಸೆಂಟ್, ಗ್ಲೂಕೋಸ್ ಬೆರೆಸಿದ 'ಹೆವಿ'. ಅಗ್ಗ, ನಂಬಿಕಸ್ತ. ಸಿಜೇರಿಯನ್‌ಗೋ ಮುರಿದ ತೊಡೆಮೂಳೆಗೋ ಅದೇ ಸರಿ. ಆದ್ರೆ ಎರಡು-ಮೂರು ತಾಸಿನ ಕೆಲಸದ ಡೋಸನ್ನ ಇಪ್ಪತ್ತು ನಿಮಿಷದ ಕೆಲಸಕ್ಕೂ ಕೊಡೋದ್ಯಾಕೆ? ನಾವು ಸಾಫ್ಟ್‌ವೇರ್ ಮಂದಿ ಡೀಫಾಲ್ಟ್ ಸೆಟ್ಟಿಂಗ್ ಮುಟ್ಟೋಕೆ ಹೆದರೋ ಹಾಗಾಯ್ತು ಇದು.

ಬೇಗ ಇಳಿಯೋ ಲಿಡೊಕೇನ್ ಇತ್ತು. ತೊಡೆ, ಕುಂಡೆಯಲ್ಲಿ ಒಂದೆರಡು ದಿನ ನೋವು ಬರುತ್ತೆ ಅಂತ 1993ರಿಂದ ವರದಿಗಳು ಬಂದವು, ಮೂಲೆಗೆ ಸೇರಿತು. ಸರಿ, ಒಪ್ಪೋಣ. ಕ್ಲೋರೋಪ್ರೋಕೇನ್? 1980ರ ಸುಮಾರಿಗೆ ಅದಕ್ಕೂ ಕೆಟ್ಟ ಹೆಸರು ಬಂದಿತ್ತು, ಕೆಲವರಿಗೆ ನರಕ್ಕೆ ಪೆಟ್ಟಾಗಿತ್ತು. ಅನುಮಾನ ಹೋಗಿದ್ದು ಆಗ ಅದರಲ್ಲಿ ಬೆರೆಸುತ್ತಿದ್ದ ಬೈಸಲ್ಫೈಟ್ ಅನ್ನೋ ಪ್ರಿಸರ್ವೇಟಿವ್ ಮೇಲೆ. ಪ್ರಿಸರ್ವೇಟಿವ್ ಇಲ್ಲದ 1 ಪರ್ಸೆಂಟ್ ದ್ರಾವಣವನ್ನ 2017ರಲ್ಲಿ ಅಮೆರಿಕದ ಎಫ್‌ಡಿಎ ಸ್ಪೈನಲ್‌ಗೆ ಅಂತಲೇ ಒಪ್ಪಿತು. ನಮ್ಮ ದೇಶದಲ್ಲೂ ಈಗ ಸಿಗುತ್ತೆ. 40-50 ಮಿಲಿಗ್ರಾಮ್ ಕೊಟ್ಟರೆ ಸುಮಾರು ಒಂದು ತಾಸಿನ ಆಪರೇಷನ್ನಿಗೆ ಸಾಕು. ಬುಪಿವಕೇನ್‌ಗಿಂತ ಎಷ್ಟೋ ಮೊದಲೇ ಕಾಲು ಆಡುತ್ತೆ, ಮೂತ್ರವೂ ಬೇಗ ಆಗುತ್ತೆ.

"ಆಪರೇಷನ್ ಎಳೆದು, ನಡುವೆಯೇ ಇಳಿದುಬಿಟ್ರೆ?" ನ್ಯಾಯವಾದ ಪ್ರಶ್ನೆ. ಆಗ ಪೂರ್ತಿ ಮಲಗಿಸಲೇ ಬೇಕಾಗುತ್ತೆ. ಎಷ್ಟು ಹೊತ್ತು ಹಿಡಿಯುತ್ತೋ ಗೊತ್ತಿಲ್ಲದ ಕೇಸಿಗೆ ಅದು ಬೇಡ, ಸರಿ. ಆದ್ರೆ ದಿನಾ ಅದೇ ಪೈಲ್ಸ್ ಮಾಡೋ ಸರ್ಜನ್‌ಗೂ ಟೈಮ್ ಗೊತ್ತಿರಲ್ವಾ?

ಹೊಸ ಔಷಧ ತರಿಸೋದು ಕಷ್ಟ ಅನ್ನಿ, ದುಬಾರಿ ಅನ್ನಿ. ಅದೇ ಬುಪಿವಕೇನನ್ನೇ ಕಡಿಮೆ ಡೋಸಲ್ಲಿ ಕೊಟ್ಟು, ರೋಗಿಯನ್ನ ಐದು-ಹತ್ತು ನಿಮಿಷ ಕೂರಿಸಿದರೆ? ಬೆನ್ನುಹುರಿ ಸುತ್ತಲಿನ ದ್ರವಕ್ಕಿಂತ ಅದು ಭಾರ, ಕೆಳಗಿಳಿದು ಕೂರೋ ಜಾಗವನ್ನಷ್ಟೇ ಹೆಚ್ಚಾಗಿ ಮರಗಟ್ಟಿಸುತ್ತೆ. ಸ್ಯಾಡಲ್ ಬ್ಲಾಕ್ ಅಂತಾರೆ, ಹಳೇ ವಿದ್ಯೆ. ಒಂದು ಪೈಸೆ ಹೆಚ್ಚು ಖರ್ಚಿಲ್ಲ ಸ್ವಾಮಿ. ಡಾಕ್ಟರ್ ಗೆಳೆಯರು ಯಾರಾದ್ರೂ ಓದ್ತಿದ್ರೆ ಹೇಳಿ, ಕಂಪ್ಲಿ ಬಸ್ ಹಿಡಿದು ಬಂದವರಿಗೆ ಇಷ್ಟಾದರೂ ಯಾಕೆ ಮಾಡಲ್ಲ?