ವೈದ್ಯರ ಮನವಿ ಎಲ್ಲರಿಗೂ ಕಾಣಲಿ, ರೋಗಿಗೂ ಕುರ್ಚಿ ಸಿಗಲಿ

ಗೋವಾ ಸರ್ಕಾರದ ಮಾನ್ಯ ಆರೋಗ್ಯ ಸಚಿವರಿಗೆ, ವಾಸ್ಕೋದ ಮಂಗೋರ್ ಹಿಲ್‌ನಿಂದ ಒಂದು ಕೋರಿಕೆ.

ಚಿಕಿತ್ಸೆಯ ದರ, ವಿಮೆಯ ಪ್ಯಾಕೇಜು, ಆಸ್ಪತ್ರೆಯ ಪರವಾನಗಿ, ಇವುಗಳಿಗೆ ಸರ್ಕಾರ ಕೈಹಾಕಿದಾಗಲೆಲ್ಲ ತಜ್ಞ ವೈದ್ಯರ ಸಂಘಗಳು ಒಗ್ಗಟ್ಟಾಗಿ ಬಂದು ಮನವಿ ಕೊಡುತ್ತವೆ. ಅದು ತಪ್ಪಲ್ಲ. 2021ರ ಮೇನಲ್ಲಿ, ಕೋವಿಡ್ ಅಲೆಯ ನಡುವೆ, ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ (ಜಿಎಂಸಿ) ಟ್ರ್ಯಾಕ್ಟರ್ ಎಳೆದು ತಂದ ಸಿಲಿಂಡರ್ ಟ್ರಾಲಿಯನ್ನು ಪೈಪಿಗೆ ಜೋಡಿಸುವಷ್ಟರಲ್ಲಿ ಆಮ್ಲಜನಕದ ಒತ್ತಡ ಕುಸಿಯುತ್ತಿತ್ತು. ಆಗ ನಿವಾಸಿ ವೈದ್ಯರ ಸಂಘ ದನಿ ಎತ್ತಿತು, ಪ್ರಕರಣ ಹೈಕೋರ್ಟ್ ಮುಂದೆಯೂ ಬಂತು. ಆದ್ದರಿಂದ ವೈದ್ಯರ ಬಾಯಿ ಕಟ್ಟಿ ಎಂದು ನಾನು ಕೇಳುತ್ತಿಲ್ಲ. ಅವರು ನಿಮಗೆ ಹೇಳಿದ್ದು ನಮಗೂ ತಿಳಿಯಲಿ, ಅದೇ ಸಭೆಯಲ್ಲಿ ರೋಗಿಯ ಮಾತಿಗೂ ಜಾಗವಿರಲಿ ಎಂದು ಕೇಳುತ್ತಿದ್ದೇನೆ.

ಕಾರಣ, ಜಾಗವಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ ಕಂಡಿದೆ. 2017ರಲ್ಲಿ ಅಲ್ಲಿನ ಸರ್ಕಾರ ಖಾಸಗಿ ಆಸ್ಪತ್ರೆಗಳ ಕಾಯ್ದೆಗೆ ತಿದ್ದುಪಡಿ ತಂದಾಗ ವೈದ್ಯರು ನವೆಂಬರಿನಲ್ಲಿ ಹೊರರೋಗಿ ವಿಭಾಗಗಳ ಬಾಗಿಲು ಹಾಕಿದರು. ಮಾತುಕತೆ ಮುಗಿದಾಗ ಜೈಲು ಶಿಕ್ಷೆಯ ಪ್ರಸ್ತಾವ ಬಿದ್ದುಹೋಗಿತ್ತು, ದರ ನಿಗದಿ ಸರ್ಕಾರಿ ಯೋಜನೆಗಳ ಚಿಕಿತ್ಸೆಗೆ ಸೀಮಿತವಾಗಿತ್ತು. ಬಿಲ್ ಬಾಕಿಯಿದೆಯೆಂದು ಶವ ತಡೆಹಿಡಿಯಬಾರದು ಎಂಬ ನಿಯಮವೇನೋ ಉಳಿಯಿತು. 2023ರಲ್ಲಿ ರಾಜಸ್ಥಾನದ ಆರೋಗ್ಯ ಹಕ್ಕು ಕಾಯ್ದೆಗೂ ಮುಷ್ಕರ ಎದುರಾಯಿತು. 50 ಹಾಸಿಗೆಗಿಂತ ಕಡಿಮೆಯಿರುವ ಖಾಸಗಿ ಆಸ್ಪತ್ರೆಗಳಿಗೆ ವಿನಾಯಿತಿ ಕೊಟ್ಟು ಸರ್ಕಾರ ರಾಜಿಯಾಯಿತು. ವೈದ್ಯರ ಕೆಲವು ಆತಂಕಗಳು ನ್ಯಾಯವಾದವೇ ಇರಬಹುದು. ಆದರೆ ಬಿಲ್ ಕಟ್ಟುವವನು ಎರಡೂ ಕಡೆ ಬಾಗಿಲಾಚೆ ನಿಂತಿದ್ದ.

ಮಂಗೋರ್ ಹಿಲ್ ನಿಂತಿರುವುದೂ ಅಲ್ಲೇ. ಉತ್ತರ ಕರ್ನಾಟಕದಿಂದ ದುಡಿಯಲು ಬಂದವರ ಬೆಟ್ಟವಿದು. 2020ರ ಜೂನ್‌ನಲ್ಲಿ ಇದನ್ನು ಕೋವಿಡ್ ಕಂಟೈನ್‌ಮೆಂಟ್ ವಲಯ ಮಾಡಿದಾಗಲಷ್ಟೇ ನಮ್ಮ ಹೆಸರು ದಿನವೂ ಸುದ್ದಿಯಾಯಿತು. ಚಿಕಿತ್ಸೆಯ ನೆರವಿನ ಮಾತು ಬಂದರೆ, 2016ರ ಆರೋಗ್ಯ ವಿಮೆಯಾದ ದೀನ್ ದಯಾಳ್ ಸ್ವಾಸ್ಥ್ಯ ಸೇವಾ ಯೋಜನೆಯ ಕಾರ್ಡಿಗೆ ಗೋವಾದಲ್ಲಿ ಐದು ವರ್ಷ ನೆಲೆಸಿದ ದಾಖಲೆ ಬೇಕು. ಕರಾರುಪತ್ರವಿಲ್ಲದೆ ಬಾಡಿಗೆ ಖೋಲಿಯಲ್ಲಿರುವ ಕೂಲಿಯವನಿಗೆ ಆ ಕಾಗದ ಹೊಂದಿಸುವುದೇ ದೊಡ್ಡ ಕೆಲಸ. 2018ರ ಜನವರಿಯಿಂದ ಹೊರರಾಜ್ಯದವರಿಗೆ ಜಿಎಂಸಿಯಲ್ಲಿ ಶುಲ್ಕವೂ ಬಂತು.

ವೈದ್ಯಕೀಯ ಗೊತ್ತಿಲ್ಲದವರು ದರ ನಿರ್ಧರಿಸುವ ಸಮಿತಿಯಲ್ಲಿ ಕೂತು ಏನು ಹೇಳಿಯಾರು ಎಂದು ಕೇಳಬಹುದು. ಯಾವ ಶಸ್ತ್ರಚಿಕಿತ್ಸೆ ಬೇಕೆಂದು ತಜ್ಞರೇ ಹೇಳಲಿ. ಯಾವ ಕೌಂಟರಿನಿಂದ ಬಡವ ವಾಪಸಾಗುತ್ತಾನೆ ಎಂಬುದು ವಾಪಸಾದವನಿಗೇ ಗೊತ್ತು. ಶಾಸಕರಿದ್ದಾರಲ್ಲ ಎನ್ನಬಹುದು. ವೈದ್ಯರಿಗೂ ಶಾಸಕರಿದ್ದಾರೆ, ಆದರೂ ಅವರು ನೇರವಾಗಿ ನಿಮ್ಮನ್ನು ಕಾಣುತ್ತಾರೆ. ರೋಗಿಯ ಮಾತನ್ನೂ ಕೇಳುವುದರಿಂದ ಕೆಲಸ ತಡವಾದೀತು ಎಂಬುದು ನಿಜ. ಆದರೆ ಮುಷ್ಕರ ನಡೆದು ತಿದ್ದಿದ ಕಾನೂನು ಇನ್ನೂ ತಡ, ಆ ದಿನಗಳ ನೋವೂ ರೋಗಿಯದೇ.

ಆದ್ದರಿಂದ ನಿಯಮ ಹೊರಡಿಸುವ ಮೊದಲು ಸಂಘಗಳ ಮನವಿಗಳನ್ನೂ ನೀವು ಒಪ್ಪಿದ ಅಂಶಗಳನ್ನೂ ಪ್ರಕಟಿಸಿ. ವಾಸ್ಕೋದಲ್ಲಿ ಕೊಂಕಣಿ, ಕನ್ನಡ ಎರಡರಲ್ಲೂ ಅಹವಾಲು ಕೇಳಿ. ದರ ನಿರ್ಧರಿಸುವ ಸಮಿತಿಯಲ್ಲಿ ರೋಗಿಗಳ ಕಡೆಯ ಇಬ್ಬರು ಕೂರಲಿ, ಅವರಲ್ಲೊಬ್ಬರು ವಲಸೆ ಕಾರ್ಮಿಕರಾಗಿರಲಿ.

ಇಂತಿ,
ಮಂಗೋರ್ ಹಿಲ್‌ನ ಒಬ್ಬ ಕನ್ನಡಿಗ