ನೀಲಿ ಗೆರೆಯಾಚೆಯ ನೀರು

ಭೂಪಟದಲ್ಲಿ ನೀಲಿ ಬಣ್ಣ ಕಾಣದೆಡೆ ನೀರಿಲ್ಲವೆಂದು ಭಾವಿಸುವುದು ನಮ್ಮೆಲ್ಲರ ರೂಢಿ. ಈ ರೂಢಿ ಎಷ್ಟು ಅಪಾಯಕರವೆಂಬುದಕ್ಕೆ ಉತ್ತರ ಅಮೆರಿಕದ ಪ್ರೇರಿ ಬಯಲಿನ ಕೊಳಗಳ ನಾಡು ತಕ್ಕ ನಿದರ್ಶನವಾಗಿದೆ.

ಆಲ್ಬರ್ಟಾದಿಂದ ಅಯೋವಾದವರೆಗೆ ಹಬ್ಬಿರುವ ಈ ಪ್ರದೇಶವನ್ನು ಹಿಂದೆ ಹಿಮದ ಹಾಳೆ ಮುಚ್ಚಿತ್ತು. ಸುಮಾರು 12,000 ವರ್ಷಗಳ ಹಿಂದೆ ಅದು ಹಿಂಜರಿದಾಗ, ಮಣ್ಣಿನಲ್ಲಿ ಹೂತಿದ್ದ ಹಿಮಗಡ್ಡೆಗಳು ಕರಗಿ ಲಕ್ಷಾಂತರ ತಗ್ಗುಗಳನ್ನು ಉಳಿಸಿದುವು. ಇವು ನಮ್ಮ ಕೆರೆಗಳಂತೆ ಮನುಷ್ಯರು ಕಟ್ಟಿದವಲ್ಲ. ಬಹುಪಾಲಿಗೆ ಕೋಡಿಯೂ ಇಲ್ಲ. ವಸಂತದಲ್ಲಿ ತುಂಬಿದ ಕೊಳ ಬೇಸಗೆಯ ಕೊನೆಗೆ ಬತ್ತಿ ಹೊಲದಂತೆ ಕಾಣಬಹುದು.

ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಇಪ್ಪತ್ತನೆಯ ಶತಮಾನದಲ್ಲಿ ವಿಮಾನಚಿತ್ರಗಳ ನೆರವಿನಿಂದ 1:24,000 ಪ್ರಮಾಣದ ನಕ್ಷೆಗಳನ್ನು ರಚಿಸಿತು. ಆ ಶ್ರಮ ಸ್ತುತ್ಯರ್ಹವೇ ಸರಿ. ಆದರೆ ಸಮೋನ್ನತಿ ರೇಖೆಗಳ ಅಂತರ ಹತ್ತು ಅಡಿಯಿದ್ದಲ್ಲಿ ಮೊಣಕಾಲುದ್ದದ ಕೊಳ ಎರಡು ರೇಖೆಗಳ ನಡುವೆ ಜಾರಿಹೋಗಬಹುದು. ಚಿತ್ರ ತೆಗೆದ ದಿನದ ನೀರಂಚೇ ಶಾಶ್ವತ ದಡವೆನಿಸಿಬಿಡುತ್ತದೆ. ಉತ್ತರ ಡಕೋಟದ ಡೆವಿಲ್ಸ್ ಲೇಕ್ ಸರೋವರವು 1993ರಿಂದ 2011ರೊಳಗೆ ಸುಮಾರು 30 ಅಡಿ ಏರಿ ಹೊಲ, ರಸ್ತೆ, ಮನೆಗಳನ್ನು ನುಂಗಿತು. ನೀರು ತನ್ನ ಹಳೆಯ ತಗ್ಗನ್ನೇ ಮರಳಿ ತುಂಬಿತ್ತು.

ಇನ್ನೊಂದೆಡೆ, 1780ರ ದಶಕದಿಂದ 1980ರ ದಶಕದವರೆಗೆ ಅಯೋವಾ ತನ್ನ ಜೌಗುಭೂಮಿಯ ಸುಮಾರು ಶೇಕಡ 89ರಷ್ಟನ್ನು ಕಳೆದುಕೊಂಡಿತು. ಆ ಖಂಡದ ಬಾತುಕೋಳಿಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಮರಿಮಾಡುವುದು ಈ ಕೊಳಗಳ ನಾಡಿನಲ್ಲಿ. ನದಿ, ಸರೋವರಗಳೊಡನೆ ನಿರಂತರ ಮೇಲ್ಮೈ ಸಂಪರ್ಕವಿಲ್ಲದ ಜೌಗುಗಳನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಕೇಂದ್ರದ ಜಲಶುದ್ಧಿ ಶಾಸನದಿಂದ ಹೊರಗಿರಿಸಿತು. ಒಂಟಿ ಕೊಳದ ಪರವಾಗಿ ಸಾಕ್ಷಿ ನುಡಿಯಲು ಇನ್ನು ನಕ್ಷೆಯಾದರೂ ಇರಬೇಡವೆ?

ನಕ್ಷೆಯಲ್ಲಿ ಗುರುತಾದ ಜೌಗು ತನ್ನ ಕೈತಪ್ಪೀತೆಂದು ರೈತನು ಅಂಜುವುದು ಸಹಜ. ಆದರೆ ನಕ್ಷೆ ಶಾಸನವಲ್ಲ. ಒಬ್ಬನು ಬಸಿದ ನೀರು ಮತ್ತೊಬ್ಬನ ಹೊಲದಲ್ಲಿ ನಿಲ್ಲುವುದೆಂದು ಮುಂಚೆಯೇ ತಿಳಿದರೆ ಲಾಭವು ರೈತನಿಗೂ ಉಂಟು.

ಇಂದು ವಿಮಾನದಿಂದ ಲೇಸರ್ ಕಿರಣ ಹಾಯಿಸಿ ನೆಲದ ಎತ್ತರವನ್ನು ಸುಮಾರು 10 ಸೆಂಟಿಮೀಟರ್ ನಿಖರತೆಯಲ್ಲಿ ಅಳೆಯಬಹುದು. ಸಾಮಾನ್ಯವಾಗಿ ಬಳಸುವ ಅವಕೆಂಪು ಕಿರಣ ನೀರನ್ನು ಭೇದಿಸಲಾರದು. ಆದುದರಿಂದ ತಗ್ಗುಗಳನ್ನು ಒಣಗಾಲದಲ್ಲಿ ಅಳೆಯುವುದು ಲೇಸು. ತಗ್ಗನ್ನೇ ಸ್ಥಿರ ಅಂಶವೆಂದು ಬರೆದು, ನೀರಿಗೆ ಕನಿಷ್ಠ ಮತ್ತು ಗರಿಷ್ಠವೆಂಬ ಎರಡು ಅಂಚುಗಳನ್ನು ಕೊಡಬೇಕೆಂಬುದು ನಮ್ಮ ಅಭಿಪ್ರಾಯ. ಬಸಿದು ಉತ್ತ ಕೊಳಗಳೂ ಅದರಲ್ಲಿರಲಿ. ನೀರು ಹೋದರೂ ತಗ್ಗು ಉಳಿದಿರುತ್ತದೆ. ಮಳೆ ಹೆಚ್ಚಿದ ವರ್ಷ ನೀರು ಅಲ್ಲಿಗೇ ಮರಳುತ್ತದೆ.