ಅರವತ್ತನಾಲ್ಕು ಸುತ್ತಿಗೆ ಒಂದು ಹೆಜ್ಜೆ

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಮನೆಗೆ ಒಂದು ಯಂತ್ರಮಾನವ ಬಂದಿತು. ರಟ್ಟಿನ ಪೆಟ್ಟಿಗೆಯೊಂದರಲ್ಲಿ ಬಿಡಿಬಿಡಿಯಾಗಿ ಬಂದಿತು ಎಂದರೆ ಇನ್ನೂ ಸರಿಯಾದೀತು. ಪ್ಲಾಸ್ಟಿಕ್ಕಿನ ಹಲಗೆಗಳು, ಆರು ಕಾಲುಗಳು, ಕಾಲುಗಳನ್ನು ಕೂಡಿಸುವ ಕಡ್ಡಿಗಳು, ಜೋಳದ ಕಾಳಿಗಿಂತ ಚಿಕ್ಕದಾದ ಸ್ಕ್ರೂಗಳು, ನಾಲ್ಕು ಹಲ್ಲುಚಕ್ರಗಳು, ಹೆಬ್ಬೆರಳಿನ ಗಾತ್ರದ ಒಂದು ಮೋಟಾರು, ಎರಡು ಸೆಲ್ಲುಗಳನ್ನಿಡುವ ಗೂಡು, ಇವೆಲ್ಲವನ್ನೂ ಹೇಗೆ ಜೋಡಿಸತಕ್ಕದ್ದೆಂದು ಚಿತ್ರಗಳ ಮೂಲಕ ತಿಳಿಸುವ ಒಂದು ಪುಸ್ತಿಕೆ—ಇಷ್ಟು ಅದರಲ್ಲಿದ್ದುವು. ಒಂಬತ್ತು ವರ್ಷದ ನಮ್ಮ ಮಗಳಿಗೆ ಅವಳ ಸೋದರಮಾವ ಕೊಟ್ಟ ಉಡುಗೊರೆ ಅದು.

ಇದನ್ನು ಯಂತ್ರಮಾನವನೆಂದು ಕರೆಯಬಹುದೆ ಎಂದು ವಾಚಕರು ಆಕ್ಷೇಪಿಸಿದರೆ ನಮ್ಮಲ್ಲಿ ಉತ್ತರವಿಲ್ಲ. ‘ರೋಬೋಟ್’ ಎಂಬ ಮಾತನ್ನು ಚೆಕ್ ಲೇಖಕನಾದ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟವಾದ ತನ್ನ ನಾಟಕವೊಂದರಲ್ಲಿ ಬಳಕೆಗೆ ತಂದನು. ಬಿಟ್ಟಿ ಚಾಕರಿ ಎಂಬ ಅರ್ಥವುಳ್ಳ ಪದವೊಂದು ಅದರ ಮೂಲ. ಈಗ ಆ ಹೆಸರಿಗೆ ಅರ್ಹವಾದ ಯಂತ್ರವು ತನ್ನ ಸುತ್ತಮುತ್ತಲನ್ನು ಅರಿಯಬೇಕು, ಅರಿತದ್ದಕ್ಕೆ ತಕ್ಕಂತೆ ನಡೆಯಬೇಕು. ನಮ್ಮ ಮನೆಯ ಆರು ಕಾಲಿನ ಪ್ರಾಣಿಯು ಏನನ್ನೂ ಅರಿಯದು. ಸ್ವಿಚ್ಚು ಒತ್ತಿದರೆ ನಡೆಯುವುದು, ಗೋಡೆ ಬಂದರೂ ನಡೆಯುತ್ತಲೇ ಇರುವುದು. ಪೆಟ್ಟಿಗೆಯ ಮೇಲೆ ಆ ಹೆಸರು ಅಚ್ಚಾಗಿರುವುದರಿಂದ ನಾವೂ ಹಾಗೆಯೇ ಕರೆಯೋಣ.

ಪೆಟ್ಟಿಗೆ ಬಂದ ದಿನ ಸಾಯಂಕಾಲ ಅಪ್ಪ ಮಗಳಿಬ್ಬರೂ ಜಮಖಾನದ ಮೇಲೆ ಕುಳಿತೆವು. ಮೊದಲನೆಯ ಸ್ಕ್ರೂ ಅವಳ ಕೈಯಿಂದ ಜಾರಿ ಬಿದ್ದಿತು. ಎರಡನೆಯದೂ ಬಿದ್ದಿತು. ‘ಇತ್ತ ಕೊಡು, ಒಂದು ನಿಮಿಷ’ ಎಂದೆವು. ಆ ಒಂದು ನಿಮಿಷ ರಾತ್ರಿ ಒಂಬತ್ತು ಗಂಟೆಯವರೆಗೆ ಬೆಳೆಯಿತು. ಪುಸ್ತಿಕೆಯ ಪುಟಗಳನ್ನು ತಿರುವುವುದು, ಕೇಳಿದ ಸ್ಕ್ರೂವನ್ನು ಎತ್ತಿಕೊಡುವುದು ಅವಳ ಕೆಲಸವಾಯಿತು; ಉಳಿದುದೆಲ್ಲ ನಮ್ಮದು. ಯಂತ್ರವು ಸೊಗಸಾಗಿ ನಡೆಯಿತು. ಹುಡುಗಿ ಎರಡು ನಿಮಿಷ ನೋಡಿ, ಚೆನ್ನಾಗಿದೆಯೆಂದು ಹೇಳಿ, ಊಟಕ್ಕೆ ಎದ್ದಳು. ಮರುದಿನದಿಂದ ಅದು ಪುಸ್ತಕದ ಕಪಾಟಿನ ಮೇಲೆ ಧೂಳು ತಿನ್ನುತ್ತ ನಿಂತಿತು.

ಭೌತಶಾಸ್ತ್ರವನ್ನು ಬೋಧಿಸಿ ಜೀವನ ನಡೆಸುವ ನಮಗೆ ಇದು ಚುಚ್ಚಿತೆಂದೇ ಹೇಳಬೇಕು. ಮಗುವಿಗೆ ವಿಜ್ಞಾನದಲ್ಲಿ ಆಸಕ್ತಿಯಿಲ್ಲವೆಂದು ಒಂದೆರಡು ವಾರ ಅವಳ ಮೇಲೆಯೇ ತಪ್ಪು ಹೊರಿಸಿದ್ದೂ ಉಂಟು. ಆಮೇಲೆ ಒಂದು ಭಾನುವಾರ ಯಂತ್ರವನ್ನು ಕೆಳಗಿಳಿಸಿ, ಎಲ್ಲ ಸ್ಕ್ರೂಗಳನ್ನೂ ಬಿಚ್ಚಿ, ಒಂದು ತಟ್ಟೆಯಲ್ಲಿ ಹಾಕಿ ಅವಳ ಮುಂದಿಟ್ಟೆವು. ಪುಸ್ತಿಕೆಯನ್ನು ಮಾತ್ರ ಬಚ್ಚಿಟ್ಟೆವು. ಅವಳು ಕರೆಯದೆ ನಾವು ಮುಟ್ಟುವುದಿಲ್ಲವೆಂಬ ಕರಾರೂ ಆಯಿತು.

ಮೂರು ದಿನ ಹಿಡಿಯಿತು. ಜೋಡಿಸಿ ಮುಗಿದಾಗ ಯಂತ್ರ ನಡೆಯಲಿಲ್ಲ. ಎಡಗಡೆಯ ಕಾಲುಗಳೂ ಬಲಗಡೆಯ ಕಾಲುಗಳೂ ಒಂದೇ ಕಾಲಕ್ಕೆ ಎದ್ದು ಒಂದೇ ಕಾಲಕ್ಕೆ ಇಳಿಯುತ್ತಿದ್ದುವು. ಯಂತ್ರವು ನಿಂತಲ್ಲೇ ದಂಡ ಬಸ್ಕಿ ಹೊಡೆಯುತ್ತಿತ್ತು. ತಪ್ಪು ಎಲ್ಲಿದೆಯೆಂದು ನಮಗೆ ನೋಡಿದ ಕೂಡಲೇ ತಿಳಿಯಿತು. ಎರಡು ಪಕ್ಕಗಳ ಕ್ರ್ಯಾಂಕುಗಳನ್ನೂ ಅವಳು ಒಂದೇ ದಿಕ್ಕಿಗೆ ಕೂಡಿಸಿದ್ದಳು. ಒಂದು ಮೇಲಿದ್ದಾಗ ಮತ್ತೊಂದು ಕೆಳಗಿರಬೇಕು. ಉತ್ತರ ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಳ್ಳಲು ಪಟ್ಟ ಕಷ್ಟ ನಮಗೇ ಗೊತ್ತು.

ಮರುದಿನ ಬೆಳಿಗ್ಗೆ ಅವಳು ಹಿತ್ತಿಲಿನಲ್ಲಿ ಅಂಗಾತ ಬಿದ್ದಿದ್ದ ಒಂದು ದುಂಬಿಯನ್ನು ಕಡ್ಡಿಯಿಂದ ಮಗುಚಿ, ಅದು ನಡೆಯುವುದನ್ನು ಕುಕ್ಕರುಗಾಲಿನಲ್ಲಿ ಕುಳಿತು ನೋಡುತ್ತಿದ್ದಳು. ಕೀಟವು ಸಾಮಾನ್ಯವಾಗಿ ಒಂದು ಪಕ್ಕದ ಮುಂಗಾಲು, ಹಿಂಗಾಲು ಮತ್ತು ಇನ್ನೊಂದು ಪಕ್ಕದ ನಡುಗಾಲು, ಹೀಗೆ ಮೂರನ್ನು ನೆಲಕ್ಕೂರಿ ಉಳಿದ ಮೂರನ್ನು ಮುಂದಕ್ಕಿಡುತ್ತದೆ. ಮುಕ್ಕಾಲು ಪೀಠ ಕುಂಟದು. ಆದುದರಿಂದ ದುಂಬಿಯೂ ಯಾವ ಕ್ಷಣದಲ್ಲಿಯೂ ಬೀಳದು. ಇಷ್ಟೆಲ್ಲವನ್ನೂ ಅವಳು ಕಂಡಳೆಂದು ನಾವು ಹೇಳಲಾರೆವು. ‘ಅಪ್ಪಾ, ಅದು ಎರಡೂ ಕಡೆ ಒಟ್ಟಿಗೆ ಎತ್ತೋದೇ ಇಲ್ಲ’ ಎಂದು ಕೂಗಿಕೊಂಡು ಒಳಗೆ ಓಡಿಬಂದು, ಒಂದು ಸ್ಕ್ರೂ ಸಡಿಲಿಸಿ, ಒಂದು ಪಕ್ಕದ ಕ್ರ್ಯಾಂಕನ್ನು ಅರ್ಧ ಸುತ್ತು ತಿರುಗಿಸಿದಳು. ಯಂತ್ರ ನಡೆಯಿತು. ಆ ದಿನ ಎರಡು ನಿಮಿಷದಲ್ಲಿ ಯಾರೂ ಎದ್ದು ಹೋಗಲಿಲ್ಲ. ಅಜ್ಜಿಯನ್ನೂ ಪಕ್ಕದ ಮನೆಯವರನ್ನೂ ಕರೆತಂದು ತೋರಿಸಿದ್ದಾಯಿತು.

ಅಂದು ರಾತ್ರಿ ಅವಳು ಕೇಳಿದ ಪ್ರಶ್ನೆಗಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇವೆ. ‘ಮೋಟಾರು ಅಷ್ಟು ಜೋರಾಗಿ ತಿರುಗತ್ತೆ, ಆದರೆ ಕಾಲು ಇಷ್ಟು ನಿಧಾನ. ನಡುವೆ ಇಷ್ಟೊಂದು ಚಕ್ರ ಹಾಕಿ ಯಾಕೆ ನಿಧಾನ ಮಾಡಬೇಕು? ನೇರವಾಗಿ ಕಾಲಿಗೇ ಸಿಕ್ಕಿಸಿದರೆ ಓಡಲ್ವಾ?’

ಮೊದಲು ಎಣಿಸಿ ನೋಡೋಣವೆಂದೆವು. ಕ್ರ್ಯಾಂಕಿನ ಮೇಲೆ ಉಗುರುಬಣ್ಣದ ಒಂದು ಚುಕ್ಕೆಯಿಟ್ಟು ಅವಳು ಮೋಟಾರಿನ ತುದಿಯ ಪುಟ್ಟ ಚಕ್ರವನ್ನು ಬೆರಳಿನಿಂದ ಸುತ್ತತೊಡಗಿದಳು. ಚುಕ್ಕೆ ಒಂದು ಸುತ್ತು ಬರಲು ಒಮ್ಮೆ 63 ಸುತ್ತಾಯಿತು, ಮತ್ತೊಮ್ಮೆ 65. ಆಮೇಲೆ ಹಲ್ಲುಗಳನ್ನೆಣಿಸಿದಳು. ಪುಟ್ಟ ಚಕ್ರಕ್ಕೆ 10 ಹಲ್ಲು, ಅದು ಕಚ್ಚುವ ದೊಡ್ಡ ಚಕ್ರಕ್ಕೆ 40. ಆ ದೊಡ್ಡ ಚಕ್ರದ ಬೆನ್ನಿಗೆ ಅಂಟಿಕೊಂಡು ಮತ್ತೊಂದು 10 ಹಲ್ಲಿನ ಚಕ್ರ, ಅದು ಕಚ್ಚುವುದಕ್ಕೆ ಮತ್ತೆ 40. ಹೀಗೆ ಮೂರು ಮಜಲು. ನಾಲ್ಕು ನಾಲ್ಕಲ ಹದಿನಾರು, ಹದಿನಾರು ನಾಲ್ಕಲ ಅರವತ್ತನಾಲ್ಕು. ಮೋಟಾರು ನಿಮಿಷಕ್ಕೆ 9,000 ಸುತ್ತು ತಿರುಗಿದರೆ ಕಾಲು ಸುಮಾರು 140 ಹೆಜ್ಜೆ ಇಡುತ್ತದೆ. ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು 60 ಸುತ್ತು ಬಂದಾಗ ನಿಮಿಷದ ಮುಳ್ಳು ಒಂದು ಸುತ್ತು ಬರುವುದಷ್ಟೆ. ನಮ್ಮ ಯಂತ್ರದ ಹೊಟ್ಟೆಯಲ್ಲಿಯೂ ಹೆಚ್ಚುಕಡಮೆ ಅಂತಹುದೇ ವ್ಯವಸ್ಥೆಯಿದೆ.

ಇನ್ನು ‘ಯಾಕೆ’ ಎಂಬುದು. ನಾವು ಬಾಯಿ ತೆರೆಯುವ ಮೊದಲೇ ಅವಳು ಒಂದು ಮಜಲನ್ನು ತೆಗೆದುಬಿಟ್ಟಳು. ಹಲಗೆಯಲ್ಲಿ ಹೆಚ್ಚಿನ ರಂಧ್ರಗಳಿದ್ದುದರಿಂದ ಅಚ್ಚನ್ನು ಸರಿಸಿ ಕೂಡಿಸುವುದು ಸಾಧ್ಯವಾಯಿತು. 64ರ ಬದಲು 16 ಸುತ್ತಿಗೆ ಒಂದು ಹೆಜ್ಜೆ. ನಾಲ್ಕರಷ್ಟು ವೇಗದಲ್ಲಿ ಓಡಬೇಕಾಗಿತ್ತು. ಸ್ವಿಚ್ಚು ಒತ್ತಿದಳು. ಯಂತ್ರವು ಒಮ್ಮೆ ನಡುಗಿ, ಗುಂಯ್ ಎಂದು ನಿಂತೇಬಿಟ್ಟಿತು. ಅವಳು ಮೋಟಾರನ್ನು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡಳು. ‘ಅಪ್ಪಾ, ಸುಡ್ತಿದೆ! ಕೆಲಸವೇ ಮಾಡ್ತಿಲ್ಲ, ಬಿಸಿ ಯಾಕಾಯ್ತು?’

ಒಂದೇ ಪ್ರಯೋಗದಿಂದ ಎರಡು ಪ್ರಶ್ನೆಗಳು. ಮೊದಲನೆಯದನ್ನು ಮೊದಲು ನೋಡೋಣ. ಮೋಟಾರಿನ ಸಾಮರ್ಥ್ಯವೆಂದರೆ ಅದು ತಿರುಗುವ ವೇಗ ಮತ್ತು ತಿರುಗಿಸುವ ಬಲ, ಅಂದರೆ ಟಾರ್ಕ್, ಇವೆರಡರ ಗುಣಲಬ್ಧ. ಹೆಬ್ಬೆರಳಿನ ಗಾತ್ರದ ಮೋಟಾರಿಗೆ ವೇಗವುಂಟು, ಬಲವಿಲ್ಲ; ಅದರ ಅಚ್ಚನ್ನು ಮಗುವೂ ಎರಡು ಬೆರಳಿನಲ್ಲಿ ಹಿಡಿದು ನಿಲ್ಲಿಸಬಹುದು. ಹಲ್ಲುಚಕ್ರಗಳು ವೇಗವನ್ನು ಪಡೆದುಕೊಂಡು ಬಲವನ್ನು ಕೊಡುತ್ತವೆ. 64ರಷ್ಟು ನಿಧಾನವಾದರೆ, ಲೆಕ್ಕಕ್ಕೆ, 64ರಷ್ಟು ಬಲ. ಆದರೆ ವ್ಯಾಪಾರದಲ್ಲಿ ದಲ್ಲಾಳಿ ಇದ್ದೇ ಇರುವನು. ಒಂದೊಂದು ಮಜಲಿನಲ್ಲಿಯೂ ಘರ್ಷಣೆಯು ನೂರಕ್ಕೆ ಹತ್ತನ್ನು ಕಿತ್ತುಕೊಳ್ಳುವುದೆಂದು ಇಟ್ಟುಕೊಂಡರೆ, ಮೂರು ಮಜಲು ದಾಟುವಾಗ ಬಲವು 64ಕ್ಕೆ ಬದಲಾಗಿ ಸುಮಾರು 47ರಷ್ಟೇ ಆಗುವುದು. ಶಿರಾಡಿ ಘಾಟಿಯನ್ನೇರುವ ಲಾರಿಯನ್ನು ಕಂಡವರಿಗೆ ಇದು ಹೊಸದಲ್ಲ: ಎಂಜಿನು ಅಬ್ಬರಿಸುತ್ತದೆ, ಚಕ್ರ ತೆವಳುತ್ತದೆ. ಸೈಕಲ್ಲಿನ ಕಥೆ ಇದಕ್ಕೆ ತಿರುವುಮುರುವು. ಮನುಷ್ಯನ ಕಾಲಿಗೆ ಬಲವುಂಟು, ನಿಮಿಷಕ್ಕೆ ಸಾವಿರ ಸಲ ತುಳಿಯುವ ಚುರುಕಿಲ್ಲ. ಆದುದರಿಂದ ಅಲ್ಲಿ ಪೆಡಲಿನ ಹಲ್ಲುಚಕ್ರ ದೊಡ್ಡದು, ಹಿಂದಿನದು ಚಿಕ್ಕದು. ವಾಚಕರು ತಮ್ಮ ಸೈಕಲ್ಲಿನ ಹಲ್ಲುಗಳನ್ನು ಒಮ್ಮೆ ಎಣಿಸಿ ನೋಡಲಿ.

ಎರಡನೆಯ ಪ್ರಶ್ನೆಗೆ ಉತ್ತರ ಕಾಲೇಜಿನ ಪಠ್ಯದಲ್ಲಿಯೇ ಇದೆ. ತಿರುಗುವ ಮೋಟಾರು ತಾನೇ ಒಂದು ಡೈನಮೊ ಕೂಡ ಆಗಿರುತ್ತದೆ. ಸೆಲ್ಲಿಗೆ ಎದುರಾಗಿ ತಾನೂ ಒಂದು ವಿದ್ಯುಚ್ಚಾಲಕ ಬಲವನ್ನು ಹುಟ್ಟಿಸುತ್ತದೆ. ಇದೇ ಬ್ಯಾಕ್ ಇ.ಎಂ.ಎಫ್. ಸುರುಳಿಯ ರೋಧ 2 ಓಮ್, ಸೆಲ್ಲುಗಳದು 3 ವೋಲ್ಟ್ ಎಂದುಕೊಳ್ಳೋಣ. ಹಗುರವಾಗಿ ತಿರುಗುವಾಗ ಎದುರಿನ ಬಲವೇ 2.6 ವೋಲ್ಟಿನಷ್ಟಿದ್ದರೆ, ಉಳಿದ 0.4 ವೋಲ್ಟಿಗೆ ಹರಿಯುವುದು 0.2 ಆಂಪೇರು ಮಾತ್ರ. ಮೋಟಾರು ನಿಂತಿತೋ, ಎದುರಿನ ಬಲ ಸೊನ್ನೆ; 1.5 ಆಂಪೇರು ಹರಿದು, ನಾಲ್ಕೂವರೆ ವ್ಯಾಟ್ ಪೂರ್ತಿ ಶಾಖವಾಗುತ್ತದೆ. ಕಾಲೇಜಿನಿಂದ ಮೀಟರೊಂದನ್ನು ತಂದು ನೋಡಿದಾಗ ನಮ್ಮ ಮೋಟಾರಿನಲ್ಲಿಯೂ ಮುಳ್ಳು ಹೀಗೆಯೇ, ನಿಂತ ಕೂಡಲೇ ಎಗರಿತು.

ಈಗ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಬ್ಯಾಕ್ ಇ.ಎಂ.ಎಫ್. ಕುರಿತು ನಾವು ಹತ್ತು ವರ್ಷ ಪಾಠ ಹೇಳಿದ್ದೇವೆ. ಸಮೀಕರಣವನ್ನು ನಿದ್ದೆಯಲ್ಲಿಯೂ ಬರೆಯಬಲ್ಲೆವು. ಆದರೆ ನಿಂತ ಮೋಟಾರನ್ನು ಮುಟ್ಟಿ ಅದರ ಬಿಸಿಯನ್ನು ಅರಿತದ್ದು ಅಂದು, ಒಂಬತ್ತು ವರ್ಷದ ಹುಡುಗಿ ಕೈ ಸುಟ್ಟುಕೊಂಡ ಮೇಲೆ. ಎಂ.ಎಸ್‌ಸಿ.ಯವರೆಗೆ ಓದಿದಾಗಲೂ ಮೇಜಿನ ಮೇಲೆ ಸಿದ್ಧವಾಗಿ ಜೋಡಿಸಿಟ್ಟಿದ್ದ ಉಪಕರಣದ ಮುಂದೆ ನಿಂತು ಮುಳ್ಳನ್ನು ಓದಿದೆವೇ ಹೊರತು, ಅದನ್ನು ಬಿಚ್ಚಲು ಯಾರೂ ಹೇಳಲಿಲ್ಲ. ಬಿಚ್ಚಬೇಕೆಂದು ನಮಗೂ ತೋರಲಿಲ್ಲ. ರಜೆ ಮುಗಿದ ಮೇಲೆ ಆಟಿಕೆಯನ್ನು ತರಗತಿಗೆ ಒಯ್ದು ನಮ್ಮ ವಿದ್ಯಾರ್ಥಿಗಳನ್ನು ಅದೇ ಪ್ರಶ್ನೆ ಕೇಳಿದೆವು: ನಡುವೆ ಚಕ್ರಗಳೇಕೆ? ಟಾರ್ಕಿನ ಸೂತ್ರವನ್ನು ತಪ್ಪಿಲ್ಲದೆ ಬರೆಯುವ ಹುಡುಗರಲ್ಲಿ ಹೆಚ್ಚಿನವರು ‘ಸಾಮರ್ಥ್ಯ ಹೆಚ್ಚಿಸಲು, ಸಾರ್’ ಎಂದರು. ಹಲ್ಲುಚಕ್ರದಿಂದ ಸಾಮರ್ಥ್ಯ ಹೆಚ್ಚಾಗುವುದಾದರೆ ನಾಡಿನಲ್ಲಿ ವಿದ್ಯುತ್ತಿನ ಅಭಾವವೇ ಇರುತ್ತಿರಲಿಲ್ಲ. ಅವರನ್ನು ಕಂಡು ನಗುವ ಅಧಿಕಾರ ಮಾತ್ರ ನಮಗಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿಯೇ ಹೇಳುತ್ತೇವೆ. ಇಂತಹ ಪೆಟ್ಟಿಗೆಯಲ್ಲಿ ಅತ್ಯಂತ ಬೆಲೆಯುಳ್ಳದ್ದು ಅದರಿಂದ ಕಟ್ಟಿದ ಯಂತ್ರವಲ್ಲ, ಕಟ್ಟುವಾಗ ಆಗುವ ತಪ್ಪು. ದೊಡ್ಡವರು ಕೈಹಾಕಿ ತಪ್ಪನ್ನು ತಪ್ಪಿಸಿದರೆ ಹಣ ಕೊಟ್ಟು ತಂದುದನ್ನು ಮಗುವಿನಿಂದ ಕಸಿದುಕೊಂಡಂತೆಯೇ ಸರಿ. ತಯಾರಕರೂ ಇದೇ ಅಪರಾಧವನ್ನು ಬೇರೆ ಬಗೆಯಲ್ಲಿ ಮಾಡುತ್ತಿರುವರು. ಈಗ ಅಂಗಡಿಗಳಲ್ಲಿ ಸಿಗುವ ಅನೇಕ ಪೆಟ್ಟಿಗೆಗಳಲ್ಲಿ ಮೋಟಾರೂ ಹಲ್ಲುಚಕ್ರಗಳೂ ಮುಚ್ಚಿದ ಡಬ್ಬಿಯೊಂದರೊಳಗೇ ಬರುತ್ತವೆ. ನಾಲ್ಕು ಸ್ಕ್ರೂ ಬಿಗಿದು, ಫೋನಿನ ಮೇಲೆ ಬೆರಳಾಡಿಸಿದರೆ ಬಂಡಿ ಓಡುವುದು. ಇಲ್ಲಿ ಮಗು ಚಾಲಕನಾಗುವುದೇ ಹೊರತು ಯಂತ್ರಜ್ಞನಾಗುವುದಿಲ್ಲ. ಶಾಲೆಗಳಲ್ಲಿ ಇಂತಹ ಕೆಲಸಕ್ಕೆಂದೇ ಅಟಲ್ ಟಿಂಕರಿಂಗ್ ಪ್ರಯೋಗಶಾಲೆಗಳನ್ನು ತೆರೆಯುವ ಯೋಜನೆ 2016ರಲ್ಲಿ ಆರಂಭವಾಯಿತು. ಬಹಳ ಒಳ್ಳೆಯ ಕಾರ್ಯ. ಆದರೆ ಉಪಕರಣವಿದ್ದ ಮಾತ್ರಕ್ಕೆ ಕೆಲಸವಾಗದು. ನಾವು ಕಂಡ ಒಂದು ಶಾಲೆಯಲ್ಲಿ, ಮಕ್ಕಳು ಹಾಳುಮಾಡುವರೆಂಬ ಭಯದಿಂದ, ಮೋಟಾರುಗಳನ್ನು ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ಹಾಳಾಗುವುದಕ್ಕೆಂದೇ ತಂದ ವಸ್ತುವನ್ನು ಹಾಳಾಗದಂತೆ ಕಾಪಾಡಿದ್ದರು!

ಸೀಮೋರ್ ಪೇಪರ್ಟ್ ಎಂಬ ಗಣಿತಜ್ಞನು 1980ರಲ್ಲಿ ‘ಮೈಂಡ್‌ಸ್ಟಾರ್ಮ್ಸ್’ ಎಂಬ ಪುಸ್ತಕವನ್ನು ಬರೆದನು. ಎಳೆಯ ವಯಸ್ಸಿನಲ್ಲಿಯೇ ತನಗೆ ಹಲ್ಲುಚಕ್ರಗಳ ಹುಚ್ಚು ಹಿಡಿಯಿತೆಂದೂ, ಮಗ್ಗಿಯೂ ಮುಂದೆ ಎರಡು ಅವ್ಯಕ್ತಗಳ ಸಮೀಕರಣಗಳೂ ತನಗೆ ಚಕ್ರಗಳಾಗಿಯೇ ಕಂಡುವೆಂದೂ ಅದರ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾನೆ. ಜೊತೆಗೆ ಒಂದು ಎಚ್ಚರಿಕೆಯನ್ನೂ ಕೊಡುತ್ತಾನೆ: ಈ ಕಥೆಯನ್ನು ಕೇಳಿ ಎಲ್ಲ ಮಕ್ಕಳಿಗೂ ಹಲ್ಲುಚಕ್ರಗಳ ಪೆಟ್ಟಿಗೆಯನ್ನು ಹಂಚಹೊರಟರೆ ಮುಖ್ಯವಾದುದೇ ಕೈತಪ್ಪಿತು, ತಾನು ಅವುಗಳನ್ನು ಪ್ರೀತಿಸಿದ್ದೇ ಮುಖ್ಯ ಎಂದು. ಡೆನ್ಮಾರ್ಕಿನ ಲೆಗೊ ಕಂಪನಿಯು 1998ರಲ್ಲಿ ಮೋಟಾರುಳ್ಳ ಯಂತ್ರಮಾನವನ ಪೆಟ್ಟಿಗೆಗೆ ಇದೇ ಪುಸ್ತಕದ ಹೆಸರನ್ನಿಟ್ಟು, 2022ರ ಕೊನೆಯವರೆಗೆ ಮಾರಿತು. ಪೆಟ್ಟಿಗೆ ಮಾರಬಹುದು, ಪ್ರೀತಿಯನ್ನು ಅದರೊಳಗಿಟ್ಟು ಮಾರುವುದು ಹೇಗೆ?

ಹಾಗಾದರೆ ಮಗುವನ್ನು ಸುಮ್ಮನೆ ಬಿಟ್ಟುಬಿಡಬೇಕೆ ಎಂದು ಕೇಳಬಹುದು. ಅದೂ ಸಲ್ಲದು. ಬಿಗಿಯಾದ ಚಕ್ರವನ್ನು ಅಚ್ಚಿಗೆ ಒತ್ತುವ ಶಕ್ತಿ ಪುಟ್ಟ ಬೆರಳುಗಳಿಗಿಲ್ಲ. ತಲೆ ಸವೆದ ಸ್ಕ್ರೂವನ್ನು ಕೀಳುವುದು ದೊಡ್ಡವರಿಗೇ ಕಷ್ಟ. ಅಂತಹ ಕಡೆ ಅವಶ್ಯವಾಗಿ ಕೈಕೊಡಬೇಕು. ನಾವು ತಡೆಹಿಡಿಯಬೇಕಾದದ್ದು ಕೈಯನ್ನಲ್ಲ, ಉತ್ತರವನ್ನು. ನಮ್ಮ ವಾಚಕರಲ್ಲಿ ಅನೇಕರು ಇನ್ನೂ ತಂದೆ ತಾಯಿಯರಲ್ಲ, ಅಣ್ಣ ಅಕ್ಕಂದಿರು. ತಮ್ಮ ತಂಗಿಯರ ಎದುರಿಗೆ ಸುಮ್ಮನೆ ಕುಳಿತಿರುವುದು ಅವರಿಗೆ ನಮಗಿಂತಲೂ ಕಷ್ಟವಾದೀತು. ಪೆಟ್ಟಿಗೆ ಕೊಳ್ಳಲು ಹಣವಿಲ್ಲದಿದ್ದರೂ ಚಿಂತೆಯಿಲ್ಲ. ಹಾಳಾದ ಆಟದ ಕಾರೊಂದು ಮನೆಯ ಅಟ್ಟದಲ್ಲಿ ಇದ್ದೇ ಇರುತ್ತದೆ, ಅದರ ಹೊಟ್ಟೆಯಲ್ಲಿ ಮೋಟಾರೂ ಚಕ್ರಗಳೂ ಇರುತ್ತವೆ. ಸೆಲ್ಲಿನಿಂದ ನಡೆಯುವ ಸಾಮಾನನ್ನು ಮಾತ್ರ, ಸೆಲ್ಲು ತೆಗೆದ ಮೇಲೆ ಬಿಚ್ಚಬೇಕು. ಗೋಡೆಯ ಪ್ಲಗ್ಗಿಗೆ ಚುಚ್ಚುವ ಯಾವುದನ್ನೂ ಮುಟ್ಟಕೂಡದು. ನಿಂತ ಮೋಟಾರಿಗೆ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಕಾಲ ವಿದ್ಯುತ್ತು ಹರಿಸಬಾರದು.

ನಮ್ಮ ಯಂತ್ರಮಾನವ ಈಗಿಲ್ಲ. ನಿಂತುಹೋದ ಯಂತ್ರಕ್ಕೆ ತೆಗೆದ ಮಜಲನ್ನು ಮರಳಿ ಹಾಕುವಳೆಂದು ನಾವು ಎಣಿಸಿದ್ದೆವು. ಹುಡುಗಿ ಹಾಗೆ ಮಾಡಲಿಲ್ಲ. ಆರು ಕಾಲುಗಳನ್ನೂ ಕಿತ್ತುಹಾಕಿ, ಬಾಟಲಿಯ ಮುಚ್ಚಳಗಳನ್ನು ಗಾಲಿ ಮಾಡಿ ಸಿಕ್ಕಿಸಿದಳು. ಗಾಲಿ ಉರುಳಿಸಲು ಕಾಲೆತ್ತುವಷ್ಟು ಬಲ ಬೇಡವಾದುದರಿಂದ 16 ಸುತ್ತಿನ ಲೆಕ್ಕದಲ್ಲಿಯೇ ಬಂಡಿ ಓಡಿತು. ಆದರೆ ಹಿಂದಕ್ಕೆ ಓಡಿತು. ಸೆಲ್ಲುಗಳನ್ನು ಅವಳು ತಿರುಗಿಸಿ ಹಾಕಿರಲಿಲ್ಲ, ತಂತಿಗಳನ್ನು ಅದಲುಬದಲು ಮಾಡಿರಲಿಲ್ಲ. ತೆಗೆದದ್ದು ಒಂದು ಮಜಲು ಮಾತ್ರ. ಕಾರಣವನ್ನು ಕಂಡುಹಿಡಿಯಲು ಅವಳಿಗೆ ಒಂದು ಮಧ್ಯಾಹ್ನ ಹಿಡಿಯಿತು. ಅದನ್ನು ನಾವು ಇಲ್ಲಿ ಹೇಳುವುದಿಲ್ಲ. ತೆಗೆದಿಟ್ಟ ಆ ಹಲ್ಲುಚಕ್ರ ಮಂಚದ ಕೆಳಗೆಲ್ಲೋ ಉರುಳಿ ಹೋಗಿದೆ, ಇನ್ನೂ ಸಿಕ್ಕಿಲ್ಲ.